ಟೇಪು ಹೋಯಿತು, ಟಾರ್ ಉಳಿಯಿತು

ಇಂಜಿನಿಯರಿಂಗ್ ಎರಡನೇ ವರ್ಷ. ಹಾಸ್ಟೆಲ್‌ನಲ್ಲಿ ನೆಟ್ ಇಲ್ಲ. ಸೈಬರ್ ಕೆಫೆಗೆ ಗಂಟೆಗೆ 20 ರೂಪಾಯಿ ಕೊಟ್ಟು, ಒಂದು ಟಾರ್.ಜಿಝೆಡ್ ಫೈಲನ್ನು ಮೂರು ತುಂಡು ಮಾಡಿ ಮೂರು ಫ್ಲಾಪಿಯಲ್ಲಿ ತಂದಿದ್ದೆ. ಲಿನಕ್ಸ್‌ನಲ್ಲಿ ಹಾಡು ಕೇಳೋ ಆಸೆ, ಅಷ್ಟೇ. ಜೋಡಿಸಿದೆ, ಬಿಚ್ಚಿದೆ, ಕಾನ್ಫಿಗರ್ ಅಂತ ಹೊಡೆದೆ. ಸ್ಕ್ರೀನ್ ತುಂಬಾ 'ಚೆಕಿಂಗ್, ಚೆಕಿಂಗ್' ಅಂತ ಸಾಲುಗಳು ಓಡಿ, ಕೊನೆಗೆ ಯಾವುದೋ ಲೈಬ್ರರಿ ಇಲ್ಲ ಅಂತ ನಿಂತುಬಿಟ್ಟಿತು. ಮತ್ತೆ ಬಸ್ಸು, ಮತ್ತೆ ಕೆಫೆ. ಆ ಲೈಬ್ರರಿ ತಂದರೆ ಅದಕ್ಕೆ ಇನ್ನೊಂದು ಲೈಬ್ರರಿ ಬೇಕಂತೆ!

ನಾನು ಬೈದುಕೊಂಡ ಆ ಫೈಲಿನ ವಂಶ ನನಗಿಂತ ಹಳೆಯದು. ಟಾರ್ ಅಂದರೆ ಟೇಪ್ ಆರ್ಕೈವ್. 1979ರಲ್ಲಿ ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಏಳನೇ ಆವೃತ್ತಿಯ ಜೊತೆ ಬಂದದ್ದು. ಮ್ಯಾಗ್ನೆಟಿಕ್ ಟೇಪಿನ ಮೇಲೆ ಫೈಲುಗಳನ್ನು ಒಂದರ ಹಿಂದೊಂದು ಸಾಲಾಗಿ ಬರೆಯೋದು ಅದರ ಕೆಲಸ. ಎಲ್ಲವೂ 512 ಬೈಟಿನ ತುಂಡುಗಳು. ಪ್ರತಿ ಫೈಲಿನ ಮುಂದೆ ಹೆಸರು, ಒಡೆಯ, ದಿನಾಂಕ, ಗಾತ್ರ. ಕೊನೆಗೆ ಬರೀ ಸೊನ್ನೆ ತುಂಬಿದ ಎರಡು ತುಂಡು. ಇವತ್ತಿಗೂ ಹಾಗೇ ಇದೆ. ಟಾರ್ ಕಮಾಂಡಿಗೆ ನಾವೆಲ್ಲ ಕಣ್ಮುಚ್ಚಿ ಸೇರಿಸುವ 'ಎಫ್' ಇದೆಯಲ್ಲ, ಅದೂ ಟೇಪಿನ ಋಣವೇ. ಅದನ್ನು ಹಾಕದಿದ್ದರೆ ಹಳೆಯ ಟಾರ್ ನೇರವಾಗಿ ಟೇಪ್ ಡ್ರೈವಿಗೇ ಕೈಹಾಕುತ್ತಿತ್ತು.

ಟಾರ್ ಮೂಟೆ ಕಟ್ಟುತ್ತದೆ, ಹಿಂಡುವುದಿಲ್ಲ. ಹಿಂಡಲು ಮೊದಲು 'ಕಂಪ್ರೆಸ್' ಇತ್ತು. ಅದರೊಳಗಿನ ಎಲ್‌ಝೆಡ್‌ಡಬ್ಲ್ಯೂ ವಿಧಾನದ ಮೇಲೆ ಪೇಟೆಂಟ್ ಇದ್ದು, ಅದು ಯುನಿಸಿಸ್ ಕೈಸೇರಿತು. ಪುಕ್ಕಟೆ ಹಂಚುವ ಗ್ನೂ ಯೋಜನೆಯವರಿಗೆ ಇದು ಗಂಟಲ ಮುಳ್ಳಾಯಿತು. 1992ರಲ್ಲಿ ಜಾನ್-ಲೂ ಗೈಯಿ, ಮಾರ್ಕ್ ಆಡ್ಲರ್ ಇಬ್ಬರೂ ಸೇರಿ ಬರೆದ ಜಿಜಿಪ್ ಬಂತು. ನನ್ನ ಫ್ಲಾಪಿಯ ಹಿಂದೆ ಇಷ್ಟು ಕೋರ್ಟು-ಕಾಗದದ ಭಯ ಇತ್ತು ಅಂತ ಆಗ ಯಾರಿಗೆ ಗೊತ್ತು?

ಇನ್ನು ಆ 'ಚೆಕಿಂಗ್' ಸಾಲುಗಳು. ಸನ್, ಎಚ್‌ಪಿ, ಐಬಿಎಂ — ಒಬ್ಬೊಬ್ಬರ ಯುನಿಕ್ಸೂ ಒಂದೊಂದು ಥರ. ಪ್ರೋಗ್ರಾಂ ಒಂದೇ, ಮನೆ ನೂರು. 1991ರಲ್ಲಿ ಡೇವಿಡ್ ಮೆಕೆಂಜಿ ಶುರುಮಾಡಿದ ಆಟೋಕಾನ್ಫ್, ಮಷೀನಿನಲ್ಲಿ ಏನಿದೆ ಏನಿಲ್ಲ ಅಂತ ತಾನೇ ತಡಕುವ ಸ್ಕ್ರಿಪ್ಟನ್ನು ಹುಟ್ಟಿಸಿಕೊಡುತ್ತಿತ್ತು. ಬಳಸುವವನ ಹತ್ತಿರ ಶೆಲ್ ಇದ್ದರೆ ಸಾಕು. ನಿಜಕ್ಕೂ ಜಾಣ ಉಪಾಯ. ಆದರೆ ಸಾವಿರಾರು ಸಾಲಿನ ಆ ಸ್ಕ್ರಿಪ್ಟ್ ಮನುಷ್ಯ ಬರೆದದ್ದಲ್ಲ. ಹಾಗಾಗಿ ಮನುಷ್ಯರು ಓದುವುದೂ ಇಲ್ಲ. ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಅದು ಗಿಟ್‌ನಲ್ಲಿ ಇರುವುದೇ ಇಲ್ಲ. ರಿಲೀಸ್ ದಿನ ಟಾರ್‌ಬಾಲ್ ಕಟ್ಟುವಾಗ ಒಳಗೆ ಸೇರುತ್ತದೆ.

ಆ ಸಂದಿಯಲ್ಲೇ ಒಬ್ಬ ನುಸುಳಿದ. ಎಕ್ಸ್‌ಝೆಡ್ ಅನ್ನೋದೂ ಜಿಜಿಪ್‌ನಂತೆ ಹಿಂಡುವ ಟೂಲೇ. ಜಿಯಾ ಟಾನ್ ಎಂಬ ಹೆಸರಿನವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅದಕ್ಕೆ ದುಡಿದು, ನಂಬಿಕೆ ಗಳಿಸಿ, ರಿಲೀಸ್ ಮಾಡುವ ಅಧಿಕಾರ ಪಡೆದರು. 2024ರ ಫೆಬ್ರುವರಿ-ಮಾರ್ಚ್‌ನಲ್ಲಿ ಬಂದ 5.6.0, 5.6.1ರಲ್ಲಿ ವಿಷ ಇತ್ತು. ವಿಷ ಟೆಸ್ಟ್ ಫೈಲುಗಳ ಒಳಗೆ ಅಡಗಿತ್ತು. ಅದನ್ನು ಎಬ್ಬಿಸುವ ಸಾಲುಗಳು ಮಾತ್ರ ಗಿಟ್‌ನಲ್ಲಿ ಇರಲಿಲ್ಲ, ಟಾರ್‌ಬಾಲಿನಲ್ಲಿದ್ದವು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಅಂತ ತಲೆಕೆಡಿಸಿಕೊಂಡ ಪೋಸ್ಟ್‌ಗ್ರೆಸ್ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಇದನ್ನು ಹಿಡಿದು, ಮಾರ್ಚ್ 29ರಂದು ಬಯಲುಮಾಡಿದರು.

ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ವಿವರ. ಆ ಕೋಡ್ ಸುಮ್ಮಸುಮ್ಮನೆ ಏಳುತ್ತಿರಲಿಲ್ಲ. ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜ್ ಕಟ್ಟುತ್ತಿದ್ದಾರಾ ಅಂತ ಮೊದಲು ನೋಡಿಕೊಳ್ಳುತ್ತಿತ್ತು. ಹೌದಾದರೆ ಮಾತ್ರ ಒಳಗೆ. ನನ್ನ ಹಾಗೆ ಕೈಯಾರೆ ಬಿಚ್ಚಿ, ಮೇಕ್ ಹೊಡೆದು, ಗೊಣಗುತ್ತಾ ಕೂತವನ ಮಷೀನಿನಲ್ಲಿ ಅದು ಮಲಗೇ ಇರುತ್ತಿತ್ತು. ಅದರ ಗುರಿ, ಒಂದು ಸಾಲಿನಲ್ಲಿ ಇನ್‌ಸ್ಟಾಲ್ ಮಾಡಿ ಟೀ ಕುಡಿಯಲು ಹೋಗುವ ನಮ್ಮೆಲ್ಲರ ಸರ್ವರ್‌ಗಳು.

ಮರುದಿನ ಶನಿವಾರ. ಎದ್ದವನೇ ಆಫೀಸಿನ ಸರ್ವರ್‌ಗಳಿಗೆ ಒಂದೊಂದಾಗಿ ಲಾಗಿನ್ ಆಗಿ ವರ್ಷನ್ ನೋಡಿದೆ. ಎಲ್ಲದರಲ್ಲೂ 5.2. ಯಾಕೆ ಇನ್ನೂ ಅಪ್‌ಗ್ರೇಡ್ ಮಾಡಿಲ್ಲ ಅಂತ ಹಿಂದಿನ ವಾರವಷ್ಟೇ ಬೈಸಿಕೊಂಡಿದ್ದ ಸರ್ವರ್‌ಗಳು ಅವು.