ಯಹೂದಿ ಮಹಿಳೆಯರ ತ್ವಚೆಯ ಆರೈಕೆ: ಹಬ್ಬ, ಋತು ಮತ್ತು ಕಟ್ಟಳೆ

ಯಹೂದಿ ಧರ್ಮದಲ್ಲಿ ಸ್ನಾನ, ತೈಲಲೇಪನ ಹಾಗೂ ಅಲಂಕಾರಗಳಿಗೂ ಶಾಸ್ತ್ರದ ಕಟ್ಟಳೆಗಳಿವೆ. ಯಾವ ದಿನ ಮೈಗೆ ಏನು ಹಚ್ಚಬಹುದು, ಏನು ಹಚ್ಚಬಾರದು ಎಂಬುದನ್ನು ಪಂಚಾಂಗವೇ ನಿರ್ಧರಿಸುತ್ತದೆ. ಆದರೆ ಕಾಯಿಲೆ ಇದ್ದವರಿಗೆ ಇದೇ ಶಾಸ್ತ್ರ ವಿನಾಯಿತಿಯನ್ನೂ ನೀಡಿದೆ. ಇದನ್ನು ಅರಿಯದೆ ಔಷಧ ನಿಲ್ಲಿಸಿದರೆ ಚರ್ಮರೋಗ ಉಲ್ಬಣಿಸಬಹುದು.

ಅಲಂಕಾರವನ್ನು ಈ ಧರ್ಮ ತುಚ್ಛವಾಗಿ ಕಂಡಿಲ್ಲ. ಸ್ತ್ರೀಯರಿಗೆ ಸೌಂದರ್ಯ ಸಾಮಗ್ರಿ ದೊರೆಯಲೆಂದು ವರ್ತಕರು ಊರೂರು ತಿರುಗಿ ಮಾರಬೇಕೆಂದು ಎಜ್ರನು ವಿಧಿಸಿದನೆಂದು ತಾಲ್ಮುದ್ ಹೇಳುತ್ತದೆ. ಪೂರಿಮ್ ಹಬ್ಬದಲ್ಲಿ ಓದುವ ಎಸ್ತೇರಳ ಗ್ರಂಥದಲ್ಲಿ, ಅರಮನೆಯ ಕನ್ಯೆಯರಿಗೆ 6 ತಿಂಗಳು ರಕ್ತಬೋಳದ ತೈಲ, 6 ತಿಂಗಳು ಸುಗಂಧದ್ರವ್ಯಗಳ ಉಪಚಾರ ನಡೆದ ವಿವರವಿದೆ.

ಸಬ್ಬತ್ ದಿನ

ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ 39 ಬಗೆಯ ಕೆಲಸಗಳು ನಿಷಿದ್ಧ. ಗಟ್ಟಿ ಪದಾರ್ಥವನ್ನು ಸವರಿ ನಯಗೊಳಿಸುವುದು ಹಾಗೂ ಬಣ್ಣ ಹಾಕುವುದು ಇವುಗಳ ವ್ಯಾಪ್ತಿಗೆ ಬರುತ್ತವೆ. ಆದ್ದರಿಂದ ಸಂಪ್ರದಾಯಸ್ಥ ಮಹಿಳೆಯರು ಅಂದು ಕ್ರೀಮ್, ತುಟಿಬಣ್ಣ, ಉಗುರುಬಣ್ಣ ಬಳಸುವುದಿಲ್ಲ. ಸಾಬೂನಿನ ಬಿಲ್ಲೆಯ ಬದಲು ದ್ರವರೂಪದ ಸಾಬೂನು ಬಳಸುತ್ತಾರೆ. ಒಣ ಚರ್ಮದವರು ಶುಕ್ರವಾರ ಸಂಜೆಗೆ ಮುನ್ನವೇ ಸ್ನಾನ ಮುಗಿಸಿ ಕ್ರೀಮ್ ಹಚ್ಚಿಕೊಳ್ಳುವುದು ರೂಢಿ. ಸುಧಾರಣಾವಾದಿ ಪಂಗಡಗಳಲ್ಲಿ ಈ ನಿರ್ಬಂಧಗಳು ಸಡಿಲ.

ಉಪವಾಸದ ದಿನಗಳು

ಶರತ್ಕಾಲದ ಯೋಮ್ ಕಿಪ್ಪುರ್ ಹಾಗೂ ಬೇಸಿಗೆಯ ತಿಷಾ ಬೆ-ಆವ್ ದಿನಗಳಂದು ಸುಮಾರು 25 ಗಂಟೆ ನೀರನ್ನೂ ಕುಡಿಯುವಂತಿಲ್ಲ. ಸುಖಕ್ಕಾಗಿ ಸ್ನಾನ, ತೈಲಲೇಪನ ಕೂಡ ಸಲ್ಲದು; ಆದರೆ ಅಂಟಿದ ಕೊಳೆಯನ್ನು ತೊಳೆದುಕೊಳ್ಳಬಹುದು. ಹಿಂದಿನ ದಿನ ಸಾಕಷ್ಟು ನೀರು ಕುಡಿಯುವುದು, ಕೆಲವು ದಿನ ಮೊದಲಿನಿಂದಲೇ ಕಾಫಿಯನ್ನು ಕ್ರಮೇಣ ಕಡಿಮೆ ಮಾಡುವುದು ಒಳ್ಳೆಯದು. ಕಾಫಿ ಒಮ್ಮೆಲೇ ನಿಂತಾಗ ತಲೆನೋವು ಬರುತ್ತದೆ.

ಚಳಿಗಾಲ ಮತ್ತು ವಸಂತ

ಹನುಕ್ಕಾ ಹಬ್ಬದ 8 ದಿನಗಳು ಚಳಿಗಾಲದಲ್ಲಿ ಬರುತ್ತವೆ. ಆಗ ಉಗುರುಬೆಚ್ಚಗಿನ ನೀರಿನಲ್ಲಿ ಬೇಗನೆ ಸ್ನಾನ ಮುಗಿಸಿ, ಚರ್ಮ ತೇವವಿರುವಾಗಲೇ ತೇವಾಂಶ ಕಾಯುವ ಲೇಪ ಹಚ್ಚಬೇಕು. ಹಬ್ಬದ ದೀಪಕ್ಕೆ ಶ್ರೇಷ್ಠವೆನಿಸಿದ ಆಲಿವ್ ಎಣ್ಣೆ ಎಸ್ಜಿಮಾ ಇರುವ ಚರ್ಮಕ್ಕೆ ಸೂಕ್ತವಲ್ಲ.

ವಸಂತದ ಪೆಸಾಹ್ ಹಬ್ಬಕ್ಕೆ ಮನೆಯಿಂದ ಹುಳಿಹಿಟ್ಟಿನ ಅಂಶವನ್ನೆಲ್ಲ ತೆಗೆಯಲಾಗುತ್ತದೆ. ತಿನ್ನಲು ಯೋಗ್ಯವಲ್ಲದ ಕ್ರೀಮುಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಬಾಯಿಗೆ ತಾಗುವ ತುಟಿಬಣ್ಣ, ಟೂತ್‌ಪೇಸ್ಟ್‌ಗಳನ್ನು ಹಲವರು ಪರಿಶೀಲಿಸುತ್ತಾರೆ. ವಾರಗಟ್ಟಲೆ ನಡೆಯುವ ಶುಚಿಕಾರ್ಯದಲ್ಲಿ ಮಾರ್ಜಕಗಳಿಂದ ಕೈಚರ್ಮ ಬಿರಿಯುವುದುಂಟು. ಕೈಗವಸು ಧರಿಸುವುದೇ ಇದಕ್ಕೆ ಉಪಾಯ.

ಮಿಕ್ವೆ ಮತ್ತು ಮದರಂಗಿ

ವಿವಾಹಿತ ಸ್ತ್ರೀಯರು ಮುಟ್ಟು ನಿಂತು 7 ದಿನ ಕಳೆದ ಬಳಿಕ ಮಿಕ್ವೆ ಎಂಬ ಕೊಳದಲ್ಲಿ ಮುಳುಗೇಳುತ್ತಾರೆ. ದೇಹಕ್ಕೂ ನೀರಿಗೂ ನಡುವೆ ಏನೂ ಇರಬಾರದೆಂಬ ಕಾರಣಕ್ಕೆ ಉಗುರುಬಣ್ಣ, ಲೇಪಗಳನ್ನು ಪೂರ್ಣವಾಗಿ ತೆಗೆಯಬೇಕು. ಗಾಯದ ಪಟ್ಟಿ ಇದ್ದರೆ ಮುಂಚಿತವಾಗಿ ವಿಚಾರಿಸಬೇಕು.

ಯೆಮೆನ್, ಮೊರಾಕೋ ಮೂಲದವರಲ್ಲಿ ಹಾಗೂ ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಸಮುದಾಯದಲ್ಲಿ ಮದುವೆಗೆ ಮುನ್ನ ಮದರಂಗಿ ಹಚ್ಚುವ ಪದ್ಧತಿ ಇದೆ. ಸಬ್ಬತ್ ದಿನ ಗಾಣ ನಿಲ್ಲಿಸುತ್ತಿದ್ದ ಈ ಸಮುದಾಯವನ್ನು ನೆರೆಹೊರೆಯವರು ಶನಿವಾರ ತೇಲಿಗಳೆಂದು ಕರೆಯುತ್ತಿದ್ದರು. ರಾಸಾಯನಿಕ ಬೆರೆಸಿದ ಕಪ್ಪು ಮದರಂಗಿಯಿಂದ ಚರ್ಮದಲ್ಲಿ ಬೊಬ್ಬೆಗಳೇಳಬಹುದಾದ್ದರಿಂದ ಅದನ್ನು ಬಳಸದಿರುವುದೇ ಕ್ಷೇಮ.

ರೋಗಿಗಳಿಗೆ ವಿನಾಯಿತಿ

ತಲೆಯಲ್ಲಿ ಹುಣ್ಣಿನ ಹಕ್ಕಳೆ ಇರುವವರು ಯೋಮ್ ಕಿಪ್ಪುರ್ ದಿನವೂ ಎಂದಿನಂತೆ ಎಣ್ಣೆ ಹಚ್ಚಿಕೊಳ್ಳಬಹುದೆಂದು ತಾಲ್ಮುದ್ ಸ್ಪಷ್ಟಪಡಿಸಿದೆ. ಪ್ರಾಣಾಪಾಯವಿದ್ದಲ್ಲಿ ಉಪವಾಸವನ್ನೂ ಮುರಿಯಲೇಬೇಕು. ಆದ್ದರಿಂದ ಚಿಕಿತ್ಸೆಯಲ್ಲಿರುವವರು ತಾವಾಗಿಯೇ ಔಷಧ ನಿಲ್ಲಿಸದೆ, ಹಬ್ಬಕ್ಕೆ ಮೊದಲೇ ವೈದ್ಯರನ್ನೂ ಧರ್ಮಗುರುವಾದ ರಬ್ಬಿಯವರನ್ನೂ ವಿಚಾರಿಸುವುದು ಉಚಿತ.