ಗಣಿಯಿಂದ ಲ್ಯಾಬಿಗೆ ಬಂದ ಸಾಲ್ಟ್ ಅನಾಲಿಸಿಸ್

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಸಾಲ್ಟ್ ಅನಾಲಿಸಿಸ್, ಅಂದರೆ ಲವಣದಲ್ಲಿ ಏನೇನಿದೆ ಎಂದು ಪತ್ತೆಹಚ್ಚುವ ಪ್ರಯೋಗ, ಹೊಸದಲ್ಲ. ಚಿಟಿಕೆ ಪುಡಿಯನ್ನು ನೀರಿನಲ್ಲಿ ಕರಗಿಸಿ ಮೊದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಬೇಕು. ಬಿಳಿ ಪ್ರಕ್ಷೇಪ ಬಂದರೆ ಸೀಸವೋ ಬೆಳ್ಳಿಯೋ ಇರಬಹುದು. ಬಾರದಿದ್ದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹಾಯಿಸಬೇಕು, ಆಗ ಕಪ್ಪಗೆ ಇಳಿಯುವುದು ತಾಮ್ರ. ಆಮೇಲೆ ಕಬ್ಬಿಣ, ಅಲ್ಯೂಮಿನಿಯಂಗಳ ಸರದಿ. ಯಾವುದಕ್ಕೂ ಸಿಗದೆ ಕೊನೆಗೆ ದ್ರಾವಣದಲ್ಲಿ ಉಳಿಯುವವು ಸೋಡಿಯಂ, ಪೊಟ್ಯಾಸಿಯಂ. ಈ ಕ್ರಮ ಮೊದಲು ಹುಟ್ಟಿದ್ದು ಮಕ್ಕಳಿಗೆ ಪಾಠ ಹೇಳಲೆಂದಲ್ಲ. ಅದು ಗಣಿಗಾರರು, ಔಷಧಿ ತಯಾರಕರು, ಖನಿಜ ನೀರು ಮಾರುವವರು ಹೊಟ್ಟೆಪಾಡಿಗಾಗಿ ಬೆಳೆಸಿದ ಕಸುಬು. ಶಾಲೆಗೆ ಬರುವಾಗ ಆ ಕಸುಬಿನ ಕೈಚಳಕ ಬಂತು, ಅದರ ಹಿಂದಿದ್ದ ಪ್ರಶ್ನೆ ಬರಲಿಲ್ಲ ಎಂಬುದು ನನ್ನ ವಾದ.

1770ರ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಟೋರ್ಬರ್ನ್ ಬರ್ಗ್‌ಮನ್ ಖನಿಜಗಳನ್ನೂ ಬುಗ್ಗೆ ನೀರನ್ನೂ ದ್ರಾವಣದಲ್ಲಿ ಪರೀಕ್ಷಿಸುವ ವಿಧಾನಗಳನ್ನು ಒಂದು ಶಿಸ್ತಿಗೆ ತಂದ. ಅವನ್ನೆಲ್ಲ ಬಳಸಲು ಸುಲಭವಾದ ಒಂದೇ ದಾರಿಯಾಗಿ ಜೋಡಿಸಿಕೊಟ್ಟವನು ಕಾರ್ಲ್ ರೆಮಿಗಿಯಸ್ ಫ್ರೆಸೀನಿಯಸ್. ಫ್ರಾಂಕ್‌ಫರ್ಟ್‌ನ ಔಷಧಿ ಅಂಗಡಿಯಲ್ಲಿ ಕೆಲಸ ಕಲಿತು ಬಾನ್‌ನಲ್ಲಿ ಓದುತ್ತಿದ್ದ ಈ ಹುಡುಗ 1841ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಗುಣಾತ್ಮಕ ವಿಶ್ಲೇಷಣೆಯ ಕೈಪಿಡಿ ಪ್ರಕಟಿಸಿದ. ಅದು ಮತ್ತೆ ಮತ್ತೆ ಅಚ್ಚಾಯಿತು, ಇಂಗ್ಲಿಷಿಗೂ ಹೋಯಿತು. 1848ರಲ್ಲಿ ಅವನು ವೀಸ್‌ಬಾಡೆನ್‌ನಲ್ಲಿ ಸ್ವಂತ ಪ್ರಯೋಗಾಲಯ ತೆರೆದ. ಬಿಸಿನೀರ ಬುಗ್ಗೆಗಳಿಗೆ ಹೆಸರಾದ ಆ ಊರಿನಲ್ಲಿ ನೀರಿನಲ್ಲಿ ಏನಿದೆ ಎಂದು ಹೇಳಬಲ್ಲವನಿಗೆ ಕೆಲಸಕ್ಕೇನು ಬರ!

ಈ ವಿದ್ಯೆಯ ನಿಜವಾದ ಕಸುವು ಕಾಣಬೇಕಾದರೆ ಜರ್ಮನಿಯ ಫ್ರೈಬರ್ಗ್‌ ಗಣಿ ಅಕಾಡೆಮಿಯನ್ನು ನೋಡಬೇಕು. ಅಲ್ಲಿ ರಸಾಯನ ವಿಜ್ಞಾನಿ ಕ್ಲೆಮೆನ್ಸ್ ವಿಂಕ್ಲರ್ ಕೈಗೆ ಆರ್ಗಿರೋಡೈಟ್ ಎಂಬ ಹೊಸ ಬೆಳ್ಳಿ ಅದಿರು ಬಂತು. ಎಷ್ಟು ಸಲ ಅಳೆದರೂ ಬೆಳ್ಳಿ, ಗಂಧಕ ಮತ್ತಿತರ ಅಂಶಗಳೆಲ್ಲ ಸೇರಿ ಸುಮಾರು 93 ಪ್ರತಿಶತ. ಉಳಿದ 7 ಎಲ್ಲಿ? ಅಳತೆ ತಪ್ಪಿರಬೇಕು ಎಂದು ಅವನು ಕೈತೊಳೆದುಕೊಳ್ಳಲಿಲ್ಲ. ತಿಂಗಳುಗಟ್ಟಲೆ ಹುಡುಕಿ, ಕೊನೆಗೆ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಧಾರಾಳವಾಗಿ ಸುರಿದಾಗ ಬಿಳಿ ಸಲ್ಫೈಡ್ ತಳಕ್ಕಿಳಿಯಿತು. 1886ರ ಫೆಬ್ರುವರಿಯಲ್ಲಿ ಹೀಗೆ ಸಿಕ್ಕಿದ್ದೇ ಜರ್ಮೇನಿಯಂ, 1871ರಲ್ಲಿ ಮೆಂಡಲೀವ್ ತನ್ನ ಧಾತುಗಳ ಆವರ್ತ ಕೋಷ್ಟಕದಲ್ಲಿ ಖಾಲಿ ಬಿಟ್ಟಿದ್ದ ಮನೆಯ ಒಡೆಯ. ವಿಶ್ಲೇಷಣೆಯ ಪಟ್ಟಿಯಲ್ಲಿ ಇಲ್ಲದ್ದನ್ನು ಹಿಡಿದುಕೊಟ್ಟದ್ದು ಆ ವಿಶ್ಲೇಷಣೆಯ ಕ್ರಮವೇ.

ಶಾಲೆ ಈ ವಿಶ್ಲೇಷಣೆಯನ್ನು ಒಪ್ಪಿಕೊಂಡದ್ದು ಬೇರೆ ಕಾರಣಕ್ಕೆ. ಖರ್ಚು ಕಡಿಮೆ, ಪ್ರತಿ ವಿದ್ಯಾರ್ಥಿಗೂ ಬೇರೆ ಬೇರೆ ಲವಣ ಕೊಡಬಹುದು, ಉತ್ತರ ಸರಿಯೋ ತಪ್ಪೋ ಎಂದು ಕ್ಷಣದಲ್ಲಿ ಅಂಕ ಹಾಕಬಹುದು. ಪರೀಕ್ಷಕನಿಗೆ ಇದಕ್ಕಿಂತ ಅನುಕೂಲದ ಪ್ರಯೋಗ ಸಿಗುವುದು ಕಷ್ಟ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲೇ ರಸಾಯನ ವಿಜ್ಞಾನಿ ಹೆನ್ರಿ ಆರ್ಮ್‌ಸ್ಟ್ರಾಂಗ್‌ನಂಥವರು ಈ ಯಾಂತ್ರಿಕ ಪ್ರನಾಳ ವಿದ್ಯೆಯನ್ನು ಟೀಕಿಸಿ, ವಿದ್ಯಾರ್ಥಿ ತಾನೇ ಹುಡುಕಿ ಕಲಿಯಲಿ ಎನ್ನುತ್ತಿದ್ದರು. ಅಷ್ಟರಲ್ಲಿ ಬ್ರಿಟಿಷ್ ಮಾದರಿಯ ಕಾಲೇಜುಗಳ ಜತೆ ಆ ಪ್ರನಾಳ ವಿದ್ಯೆ ನಮ್ಮಲ್ಲಿಗೂ ಬಂದು ನೆಲೆಯೂರಿತ್ತು.

ಯಂತ್ರಗಳು ನಿಮಿಷದಲ್ಲಿ ಧಾತುಗಳ ಪಟ್ಟಿ ಕೊಡುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಕ್ಯಾಲ್ಕುಲೇಟರ್ ಬಂದಮೇಲೂ ಮಗ್ಗಿ ಬಿಟ್ಟಿಲ್ಲವಲ್ಲ, ಆ ಆಕ್ಷೇಪ ನಿಲ್ಲದು. ಒಂದೊಂದನ್ನೇ ತಳ್ಳಿಹಾಕುತ್ತ ನಿರ್ಣಯಕ್ಕೆ ಬರುವ ಅಭ್ಯಾಸ ಇಲ್ಲಿ ಆಗುತ್ತದೆ ಎಂಬ ಸಮರ್ಥನೆಯೂ ಇದೆ. ಆಗಬೇಕಾದ್ದು ಹೌದು, ಆದರೆ ಆಗುತ್ತಿದೆಯೇ? ನೀಲಿ ಕಂಡರೆ ತಾಮ್ರ, ಗುಲಾಬಿಯಾದರೆ ಕೋಬಾಲ್ಟ್ ಎಂದು ಮೊದಲೇ ಊಹಿಸಿ, ವಿಧಾನವನ್ನು ಆಮೇಲೆ ಬಾಯಿಪಾಠದಿಂದ ಬರೆದರೂ ಅಂಕ ಸಿಗುತ್ತದೆ. ಕೊಡುವ ಲವಣಗಳೆಲ್ಲ ಪಟ್ಟಿಯಲ್ಲೇ ಇರುವುದರಿಂದ ವಿಂಕ್ಲರ್ ಎದುರಿಸಿದ 7 ಪ್ರತಿಶತ ಇಲ್ಲಿ ಯಾರಿಗೂ ಎದುರಾಗುವುದಿಲ್ಲ.

ಹಾಗೆಂದು ಸಾಲ್ಟ್ ಅನಾಲಿಸಿಸ್ ಕೈಬಿಡಬೇಕಿಲ್ಲ, ಪುಡಿಯ ಬದಲು ಊರಿನ ಬೋರ್‌ವೆಲ್ ನೀರು ಕೊಡಲಿ. ಸಿಲ್ವರ್ ನೈಟ್ರೇಟ್ ಹಾಕಿ ಕ್ಲೋರೈಡ್, ಬೇರಿಯಂ ಕ್ಲೋರೈಡ್ ಹಾಕಿ ಸಲ್ಫೇಟ್ ಗುರುತಿಸುವುದು ಈಗಿನ ಪಾಠದಲ್ಲೇ ಇದೆ. ಬೋರ್‌ವೆಲ್ ನೀರಿನ ಉತ್ತರ ಮಾತ್ರ ಮೇಷ್ಟರಿಗೂ ಮುಂಚಿತವಾಗಿ ಗೊತ್ತಿರುವುದಿಲ್ಲ.