ಸಂಜೆಯ ಹಾಡು, ಬೆಳಗಿನ ಗೋಷ್ಠಿ

ಪುತ್ತೂರಿನಲ್ಲಿ ಹಾಡನ್ನೂ ಕಲಿಕೆಯನ್ನೂ ಒಟ್ಟಿಗೆ ಕೂರಿಸಿದವರು ಶಿವರಾಮ ಕಾರಂತರು. 1930ರ ದಶಕದಲ್ಲಿ ತಾವು ಕಟ್ಟಿದ ಬಾಲವನದಲ್ಲಿ ಅವರು ಮಕ್ಕಳಿಗೆ ಕುಣಿತ, ಹಾಡು, ನಾಟಕದ ಮೂಲಕ ಕಲಿಸಲು ಹೊರಟರು. ಹಾಡನ್ನು ಸಂಗ್ರಹಿಸಿಡುವುದಕ್ಕಿಂತ ಅದರಿಂದ ಮಗು ಹೇಗೆ ಅರಳುತ್ತದೆ ಎನ್ನುವುದರಲ್ಲೇ ಅವರಿಗೆ ಆಸಕ್ತಿ.

ಸಂಗ್ರಹದ ಕಾಲ ಬಂದದ್ದು ಆಮೇಲೆ. ಜಾನಪದ ವಿದ್ವಾಂಸರಾದ ಪುತ್ತೂರು ಸೀಮೆಯ ಬಿ.ಎ. ವಿವೇಕ ರೈ ತುಳು ಜನಪದ ಸಾಹಿತ್ಯದ ಮೇಲೆ, ಸುಳ್ಯದ ಪಂಜ ಕಡೆಯ ಪುರುಷೋತ್ತಮ ಬಿಳಿಮಲೆ ಸುಳ್ಯ ಪರಿಸರದ ಗೌಡ ಜನಾಂಗದ ಮೇಲೆ ಕೆಲಸ ಮಾಡಿದರು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿದ್ದ ತುಳು ಕಥನಗೀತೆ ಪಾಡ್ದನ ಅಚ್ಚಿಗೆ ಬಂತು. ಆದರೆ ಆ ಕಾಲದ ಸಂಗ್ರಹಗಳಲ್ಲಿ ಹಾಡಿದವರ ವಿವರ ಸಾಮಾನ್ಯವಾಗಿ ಹೆಸರು, ಜಾತಿ, ಊರಿಗೆ ಮುಗಿಯುತ್ತಿತ್ತು.

ಇದನ್ನು ಬದಲಿಸಿದ್ದು ಪಕ್ಕದ ಬೆಳ್ತಂಗಡಿಯ ಮಾಚಾರಿನ ಗೋಪಾಲ ನಾಯ್ಕರ ಸಿರಿ ಪಾಡ್ದನ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರೊಂದಿಗೆ ವಿವೇಕ ರೈ, ಚಿನ್ನಪ್ಪ ಗೌಡ ಮುಂತಾದವರು 1990ರಲ್ಲಿ ಅದನ್ನು ದಾಖಲಿಸಿದರು. 1998ರಲ್ಲಿ ಪ್ರಕಟವಾದಾಗ 15,683 ಸಾಲು! ಹಾಡುಗಾರನ ಹೆಸರು ಪುಸ್ತಕದ ಶೀರ್ಷಿಕೆಯಲ್ಲೇ ಇತ್ತು. ಸಿರಿ ಜಾತ್ರೆಯ ದಲ್ಯದಲ್ಲಿ, ಎಂದರೆ ಸಿರಿಗಳ ಗುಂಪಿನಲ್ಲಿ, ಸಿರಿಯ ಮಗ ಕುಮಾರನಾಗಿ ನಿಲ್ಲುವ ಗಂಡಸು ಸಿರಿಯೆಂಬ ಹೆಣ್ಣಿನ ಕತೆಯನ್ನು ಅಷ್ಟು ಉದ್ದಕ್ಕೆ ಹಾಡಿದ್ದು ನನಗೆ ಸಾಲಿನ ಲೆಕ್ಕಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹೀಗೆ ಗಂಡು-ಹೆಣ್ಣಿನ ಗೆರೆ ದಾಟುವುದು ತುಳುನಾಡಿಗೇನೂ ಅಪರೂಪವಲ್ಲ. ಜುಮಾದಿ ದೈವಕ್ಕೆ ಮೀಸೆಯೂ ಇದೆ, ಮೊಲೆಯೂ ಇದೆ. ಯಕ್ಷಗಾನದ ತೆಂಕುತಿಟ್ಟಿನಲ್ಲಿ ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷ ಮನೆಮಾತು. ಹಾಗೆಂದು ವೇಷ ಕಟ್ಟಿದವರನ್ನೆಲ್ಲ ಕ್ವಿಯರ್ ಎಂದುಬಿಡುವುದು ಸೋಮಾರಿತನ. ವೇಷ ಕಳಚಿದ ಮೇಲೆ ಯಾರು ಹೇಗೆ ಬದುಕಿದರು ಎಂಬುದು ಬೇರೆಯೇ ವಿಷಯ. ಅದನ್ನು ಅವರೇ ಹೇಳಬೇಕು.

ಹಾಗೆ ಹೇಳಿದವರು ಸಿಕ್ಕಿದ್ದು ಬಯಲುಸೀಮೆಯಲ್ಲಿ. ಬಳ್ಳಾರಿ ಕಡೆಯ ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿ ಮನೆಯಿಂದ ಹೊರಬಿದ್ದು ಭಿಕ್ಷೆ ಬೇಡಿದವರು. ದಾವಣಗೆರೆ ಬಸ್ ನಿಲ್ದಾಣದಲ್ಲಿ ಅವರಿಗೆ ತಂದೆ-ಮಗನ ಜೋಡಿಯೊಂದು ಕಂಡಿತು: ತಂದೆ ಹಾಡುತ್ತಿದ್ದ, ಮಗ ತಲೆಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಆ ಇಬ್ಬರಿಂದ ಮಂಜಮ್ಮ ಎಲ್ಲಮ್ಮನ ಭಕ್ತರಾದ ಜೋಗತಿಯರ ನೃತ್ಯ ಕಲಿತರು. ಮುಂದೆ ಕಾಳವ್ವ ಜೋಗತಿಯ ತಂಡ ಸೇರಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ನಾಡೆಲ್ಲ ನೋಡಿತು. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕತೆ 'ನಡುವೆ ಸುಳಿವ ಹೆಣ್ಣು'. ಜನಪದ ಕಲಾವಿದೆಯ ಬದುಕೇ ಅಲ್ಲಿ ಅಧ್ಯಯನದ ಪಠ್ಯ.

ಬೆಂಗಳೂರಿನ ರೂಮಿ ಹರೀಶ್ ಮತ್ತೊಂದು ಹೆಜ್ಜೆ ಮುಂದೆ. ಜನಪದದವರಲ್ಲ, ಹಿಂದೂಸ್ತಾನಿ ಗಾಯಕ, ಟ್ರಾನ್ಸ್ ಪುರುಷ, ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ದುಡಿಯುವ ಸಂಶೋಧಕ. 'ಜೌನ್‌ಪುರಿ ಖಯಾಲ್' ಅವರ ಬದುಕಿನ ಕಥನ. ದಾದಾಪೀರ್ ಜೈಮನ್ ನಿರೂಪಿಸಿದ್ದಾರೆ. ಅಲ್ಲಿ ರಾಗವೂ ಲಿಂಗತ್ವವೂ ಒಂದೇ ಉಸಿರಿನಲ್ಲಿ ಚರ್ಚೆಯಾಗುತ್ತವೆ.

ಕಾಲೇಜುಗಳ ಜಾನಪದ ವಿಚಾರ ಸಂಕಿರಣಗಳಲ್ಲಿ ಮಾತ್ರ ಹಳೆಯ ಕ್ರಮ ಪೂರ್ತಿ ಹೋಗಿಲ್ಲ: ಬೆಳಿಗ್ಗೆ ಪ್ರಾಧ್ಯಾಪಕರ ಗೋಷ್ಠಿ, ಸಂಜೆ ಕಲಾವಿದರ ಕಾರ್ಯಕ್ರಮ. ಪಾಡ್ದನ ಹಾಡುವವರಿಗೂ ಜೋಗತಿಯರ ವಾದ್ಯವಾದ ಚೌಡಿಕೆ ಹಿಡಿದವರಿಗೂ ಸಂಜೆಯ ಪಾಳಿಯೇ. ಅವರನ್ನು ಬೆಳಗಿನ ಗೋಷ್ಠಿಗೆ, ಅದೂ ಸಂಭಾವನೆ ಕೊಟ್ಟು ಕರೆದರೆ, ಪುತ್ತೂರು-ಸುಳ್ಯದ ಹಳೆಯ ಸಂಗ್ರಹಗಳನ್ನು ಅವರ ಜೊತೆಗೇ ಕೂತು ಮತ್ತೆ ಓದಬಹುದು.